ಬಿದ್ದರೂ ಪರವಾಗಿಲ್ಲ ಎನ್ನುವಂಥ ಕ್ಯಾಮೆರಾ

ಮಗುವಿಗೆ ಯಾವ ಕ್ಯಾಮೆರಾ ಕೊಡಿಸಲಿ ಎಂದು ಕೇಳುವವರು ಸಾಮಾನ್ಯವಾಗಿ ಮೆಗಾಪಿಕ್ಸೆಲ್ಲಿನ ಪಟ್ಟಿ ಹಿಡಿದುಕೊಂಡೇ ಬಂದಿರುತ್ತಾರೆ. ಆ ಪಟ್ಟಿಯನ್ನು ಅತ್ತ ಇಟ್ಟು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ನೆಲಕ್ಕೆ ಬಿದ್ದರೆ ನಿಮ್ಮ ಬಾಯಿಂದ ಬೈಗುಳ ಬರುತ್ತದೆಯೇ? ಬರುತ್ತದೆ ಅಂತಾದರೆ ಅದು ನಿಮ್ಮ ಕ್ಯಾಮೆರಾ, ಮಗುವಿನದಲ್ಲ. ಅದು ಕಪಾಟು ಸೇರುತ್ತದೆ, ಕೇಳಿ ಪಡೆಯಬೇಕಾದ ವಸ್ತುವಾಗುತ್ತದೆ. ಕ್ಯಾಮೆರಾಕ್ಕೆ ಕೈ ಪಳಗುವುದು ದಿನಾ ಮುಟ್ಟಿದಾಗ. ಹಾಗಾಗಿ ಹೊಸ ದುಬಾರಿ ಮಾಡೆಲ್‌ಗಿಂತ ಯಾರದೋ ಕೈದಾಟಿ ಬಂದ, ಮೂಲೆ ಸವೆದ ಕ್ಯಾಮೆರಾವೇ ಬಹುಪಾಲು ಮಕ್ಕಳಿಗೆ ಒಳ್ಳೆಯದು.

ಕಾರ್ಟೂನ್ ಕಿವಿ ಹಚ್ಚಿ ರಬ್ಬರ್ ಹೊದಿಸಿದ ‘ಮಕ್ಕಳ ಕ್ಯಾಮೆರಾ’ಗಳ ವಿಷಯ ಮೊದಲೇ ಮುಗಿಸಿಬಿಡೋಣ. ಮೂರು-ನಾಲ್ಕು ವರ್ಷದವರಿಗೆ ಆಟಿಕೆಯಾಗಿ ಅಡ್ಡಿಯಿಲ್ಲ, ಫೋಟೋಗ್ರಫಿ ಕಲಿಸಲು ಉಪಯೋಗವಿಲ್ಲ. ಒಳಗೆ ಇರುವುದು ಪುಟ್ಟ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಮತ್ತು ಒಂದೇ ದೂರಕ್ಕೆ ಕೂಡಿಸಿಟ್ಟ ಲೆನ್ಸ್. ಡಬ್ಬಿಯ ಮೇಲೆ 40 ಮೆಗಾಪಿಕ್ಸೆಲ್ ಎಂದು ಬರೆದಿದ್ದರೂ, ಸೆನ್ಸರ್ ಹಿಡಿದ ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡಿರುವುದೇ ಹೆಚ್ಚು. ಅದರ ಜೂಮ್ ಎಂದರೆ ಚಿತ್ರದ ಅಂಚು ಕತ್ತರಿಸುವುದು, ಅಷ್ಟೆ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಗುಂಡಿಯನ್ನು ಅರ್ಧ ಒತ್ತಿ ಫೋಕಸ್ ಹಿಡಿಯುವ ವ್ಯವಸ್ಥೆ ಇಲ್ಲದಿರುವುದು. ಮಗು ಕಲಿಯಬೇಕಾದ ಮೊದಲ ಪಾಠವೇ ಅದು.

ಮೆಗಾಪಿಕ್ಸೆಲ್ (ಹತ್ತು ಲಕ್ಷ ಚುಕ್ಕೆ) ಲೆಕ್ಕ ಒಮ್ಮೆ ಮಾಡಿ ನೋಡಿದರೆ ಆ ಚಿಂತೆ ಅಲ್ಲಿಗೇ ತೀರುತ್ತದೆ. 10×15 ಸೆಂಟಿಮೀಟರಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕೆಯಂತೆ 1800×1200 ಪಿಕ್ಸೆಲ್ ಸಾಕು. ಅಂದರೆ 2 ಮೆಗಾಪಿಕ್ಸೆಲ್‌ಗಿಂತ ಚೂರು ಹೆಚ್ಚು. 2006ರಲ್ಲಿ ಬಂದ ನಿಕಾನ್ ಡಿ40ಯ 6 ಮೆಗಾಪಿಕ್ಸೆಲ್ಲಿನಿಂದ ಎ4 ಅಳತೆಯ ಪ್ರಿಂಟೂ ಚೆನ್ನಾಗಿಯೇ ಬರುತ್ತದೆ.

ಐದಾರು ವರ್ಷದವರಿಗೆ ಮನೆಯಲ್ಲಿ ಬಿದ್ದಿರುವ ಹಳೆಯ ಫೋನ್ ಸಾಕು. ಸಿಮ್ ತೆಗೆಯಿರಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಕ್ಯಾಮೆರಾ ಬಿಟ್ಟು ಉಳಿದ ಆ್ಯಪ್‌ಗಳನ್ನು ಅಳಿಸಿ, ಫೋಟೋದೊಳಗೆ ಜಾಗದ ಗುರುತು ಸೇರುವ ಲೊಕೇಶನ್ ಆಯ್ಕೆಯನ್ನು ಆಫ್ ಮಾಡಿ. ಬೇಕಾದ ಕಡೆ ಬೆರಳಿಟ್ಟು ಫೋಕಸ್ ಮಾಡುವುದು, ಬೆರಳನ್ನು ಹಾಗೇ ಒತ್ತಿಹಿಡಿದು ಬೆಳಕನ್ನೂ ಫೋಕಸನ್ನೂ ಲಾಕ್ ಮಾಡುವುದು, ಮೇಲೆ ಕೆಳಗೆ ಎಳೆದು ಚಿತ್ರವನ್ನು ತಿಳಿಯೋ ಗಾಢವೋ ಮಾಡುವುದು: ಈ ಮೂರನ್ನು ಕಲಿತರೆ ಫೋನಿನಿಂದ ಕಲಿಯುವುದು ಬಹುತೇಕ ಮುಗಿಯಿತು. ಫೋನಿನ ಚಿತ್ರ ಮಂಜಾಗಿ ಬಂದರೆ ಮೊದಲು ಲೆನ್ಸ್ ಒರೆಸಿ. ಮಕ್ಕಳ ಬೆರಳಿನ ಜಿಡ್ಡು ಅಲ್ಲೇ ಕೂತಿರುತ್ತದೆ.

ಏಳರಿಂದ ಒಂಬತ್ತರವರೆಗೆ ಲೆನ್ಸೇ ಸರಿದು ಹಿಗ್ಗಿಸುವ, ನಿಜವಾದ ಆಪ್ಟಿಕಲ್ ಜೂಮ್ ಇರುವ ಕಾಂಪ್ಯಾಕ್ಟ್ ಕ್ಯಾಮೆರಾ ಹೊಂದುತ್ತದೆ. ಇವುಗಳ ಸೆನ್ಸರ್ ಸಾಮಾನ್ಯವಾಗಿ 6.2×4.6 ಮಿಲಿಮೀಟರ್, ಕಿರುಬೆರಳ ಉಗುರಿಗಿಂತ ಚಿಕ್ಕದು. ಹಗಲಲ್ಲಿ ತಕರಾರಿಲ್ಲ, ಸಂಜೆ ಮನೆಯೊಳಗೆ ಚಿತ್ರವೆಲ್ಲ ಕಾಳುಕಾಳು. ನೀರು, ಮಣ್ಣು, ಮರಳು ಅಂತ ಓಡುವ ಮಗುವಾದರೆ ಒಲಿಂಪಸ್ ಟಿಜಿ-6ರಂಥ ಗಟ್ಟಿ ಕ್ಯಾಮೆರಾ ನೋಡಬಹುದು. 15 ಮೀಟರ್ ಆಳದ ನೀರನ್ನೂ 2.1 ಮೀಟರ್ ಎತ್ತರದಿಂದ ಬೀಳುವುದನ್ನೂ ತಡೆಯುತ್ತದೆ ಎಂಬುದು ಅದರ ಲೆಕ್ಕ, ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ಇರುವೆಗೂ ಫೋಕಸ್ ಆಗುತ್ತದೆ. ಆದರೆ ಬ್ಯಾಟರಿ ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಒಂದು ಕೂದಲೋ ಮರಳಿನ ಕಾಳೋ ಸಿಕ್ಕಿಕೊಂಡರೆ ನೀರು ಒಳಗೆ ಹೋಗಿಯೇ ತೀರುತ್ತದೆ. ನೀರಿಗಿಳಿಯುವ ಮುನ್ನ ಆ ಪಟ್ಟಿ ಒರೆಸುವ ಕೆಲಸ ದೊಡ್ಡವರದು.

ತಕ್ಷಣ ಪ್ರಿಂಟ್ ಬರುವ ಇನ್‌ಸ್ಟ್ಯಾಕ್ಸ್ ಥರದ ಕ್ಯಾಮೆರಾಗಳಿಗೂ ಒಂದು ಗುಣವಿದೆ. ಪ್ಯಾಕಿನಲ್ಲಿ ಹತ್ತೇ ಹಾಳೆ, ಆದ್ದರಿಂದ ಮಗು ಒತ್ತುವ ಮುಂಚೆ ಯೋಚಿಸುತ್ತದೆ. ಆದರೆ ತಪ್ಪಿದ ಪ್ರತಿ ಹಾಳೆಗೂ ನಿಮ್ಮ ಮುಖ ಸಣ್ಣದಾಗುವುದನ್ನು ಮಗು ಗಮನಿಸುತ್ತದೆ. ಅದನ್ನು ಮುಖ್ಯ ಕ್ಯಾಮೆರಾ ಮಾಡಬೇಡಿ.

ಹತ್ತು ವರ್ಷದ ಸುಮಾರಿಗೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಕ್ಕೆ ಬರಬಹುದು. ವಯಸ್ಸಿಗಿಂತ ಕೈಯನ್ನು ನೋಡಿ. ಬಲಗೈ ಒಂದರಲ್ಲೇ ಕ್ಯಾಮೆರಾವನ್ನು ಎದೆಮಟ್ಟಕ್ಕೆ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ. ಮಣಿಕಟ್ಟು ನಡುಗಿದರೆ ಅದು ಇನ್ನೂ ಭಾರ. ಹಿಡಿತ ಬದಲಿಸದೆ ತೋರುಬೆರಳು ಶಟರ್ ಗುಂಡಿಯನ್ನೂ ಹೆಬ್ಬೆರಳು ಹಿಂದಿನ ಚಕ್ರವನ್ನೂ ಮುಟ್ಟಬೇಕು. ಡಿಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ಕಿಂಡಿಯಲ್ಲಿ ದೃಶ್ಯ ತೋರುವುದು) ಬೇಕೋ ಮಿರರ್‌ಲೆಸ್ (ಕನ್ನಡಿಯಿಲ್ಲದೆ ಪರದೆಯಲ್ಲಿ ತೋರುವುದು) ಬೇಕೋ ಎಂಬ ಜಗಳದಲ್ಲಿ, ಕಲಿಯುವವರ ಮಟ್ಟಿಗೆ ನನ್ನ ಮತ ಮಿರರ್‌ಲೆಸ್‌ಗೆ: ಚಕ್ರ ತಿರುಗಿಸಿದ ಕೂಡಲೇ ಪರದೆಯಲ್ಲಿ ಚಿತ್ರ ಬೆಳಗುವುದೋ ಕಪ್ಪಾಗುವುದೋ ಮಗುವಿಗೆ ಕಾಣುತ್ತದೆ, ನೀವು ವಿವರಿಸುವ ಕಷ್ಟ ಅರ್ಧ ತಪ್ಪುತ್ತದೆ. ಡಿಎಸ್‌ಎಲ್‌ಆರ್‌ಗೆ ಬ್ಯಾಟರಿ ಹೆಚ್ಚು ಬಾಳುತ್ತದೆ, ಹಳೆಯದು ಸುಲಭವಾಗಿ ಸಿಗುತ್ತದೆ. ಆದರೆ ಅದರ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನತ್ತ ತಿರುಗಿಸುವಂತಿಲ್ಲ, ಲೆನ್ಸ್ ಒಟ್ಟುಗೂಡಿಸಿದ ಬಿಸಿಲು ನೇರವಾಗಿ ಕಣ್ಣಿಗೇ ಬೀಳುತ್ತದೆ. ಇದನ್ನು ಮೊದಲ ದಿನವೇ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು.

ಲೆನ್ಸ್ ಎಂದರೆ ಕ್ಯಾಮೆರಾ ಜೊತೆಯಲ್ಲಿ ಬರುವ 18-55 ಎಂಎಂ ಸಾಕು (ಎಂಎಂ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಎರಡನೆಯದು ಕೊಳ್ಳುವುದಾದರೆ ದೂರದ ಹಕ್ಕಿ ಹಿಡಿಯುವ ಉದ್ದನೆಯ ಜೂಮ್ ಬೇಡ. ಎಪಿಎಸ್-ಸಿ ಸೆನ್ಸರಿನ (ಕಲಿಯುವವರ ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಅಳತೆ) ಕ್ಯಾಮೆರಾಕ್ಕೆ 35 ಎಂಎಂ ಎಫ್/1.8 ಥರದ ಹಗುರವಾದ ಒಂದು ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್ ಇರಲಿ. ಎಫ್ ಎಂಬುದು ಲೆನ್ಸಿನೊಳಗಿನ ತೂತಿನ ಅಂಕಿ, ಅದರ ಪಾಠ ಮುಂದಿದೆ. ಜೂಮ್ ಇಲ್ಲದಿದ್ದರೆ ಮಗು ಕಾಲಿನಲ್ಲೇ ಹತ್ತಿರ ಹೋಗುತ್ತದೆ. ಒಂದು ಎಚ್ಚರಿಕೆ: ನಿಕಾನ್ ಡಿ40, ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ತನ್ನದೇ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ತಂದು ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಲೆನ್ಸಿನ ಮೇಲೆ ಎಎಫ್-ಎಸ್ ಎಂದಿರಬೇಕು, ಅಂದರೆ ಮೋಟಾರ್ ಲೆನ್ಸಿನಲ್ಲೇ ಇದೆ. ಎಎಫ್-ಪಿ ಎಂದಿದ್ದರೆ ಆ ಮಾಡೆಲ್‌ಗೆ ಒಗ್ಗುತ್ತದೆಯೇ ಎಂದು ಕೇಳಿಕೊಳ್ಳಿ. ಬಹಳ ಹಳೆಯ ಕ್ಯಾಮೆರಾಗಳಲ್ಲಿ ಅದು ನಡೆಯುವುದಿಲ್ಲ.

ಹಳೆಯದು ಕೊಳ್ಳುವಾಗ ಒಂದು ಟಾರ್ಚ್ ಜೊತೆಗಿರಲಿ. ಲೆನ್ಸನ್ನು ಬಿಚ್ಚಿ ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ಬಿಟ್ಟುಬಿಡಿ. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಸೆನ್ಸರ್ ಮೇಲಿನ ಕಸ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಬ್ಯಾಟರಿ ಸಲೀಸಾಗಿ ಹೊರಬರದಿದ್ದರೆ ಅದು ಉಬ್ಬಿದೆ ಎಂದೇ ತಿಳಿಯಿರಿ. ಇನ್ನು ಮೆಮೊರಿ ಕಾರ್ಡ್: ಹೆಚ್ಚು ಹಿಡಿಯುವ ಎಸ್‌ಡಿಎಚ್‌ಸಿ ಬಗೆ ಬಂದದ್ದು 2006ರಲ್ಲಿ. ಅದಕ್ಕೂ ಹಳೆಯ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಮೂಲೆಗೆ ಎಸೆದವರು ಎಷ್ಟೋ ಜನ.

ಕೈಗೆ ಕೊಡುವ ಮುಂಚೆ

ಮೆನು ಒಳಗೆ ಹತ್ತು ನಿಮಿಷ ಕೂರಬೇಕು. ಒಮ್ಮೆ ಒತ್ತಿದರೆ ಒಂದೇ ಫೋಟೋ ಬರುವಂತೆ ಸಿಂಗಲ್ ಶಾಟ್ ಇಡಿ, ಇಲ್ಲದಿದ್ದರೆ ಗುಂಡಿ ಬಿಡಲು ಮರೆತ ಬೆರಳು ಅರೆನಿಮಿಷದಲ್ಲಿ ನೂರು ಫೋಟೋ ತುಂಬುತ್ತದೆ. ಫೋಕಸ್ ಪಾಯಿಂಟ್ ನಡುವಿನ ಒಂದೇ ಇರಲಿ. ಮೋಡ್ ಚಕ್ರ ‘ಪಿ’ಯಲ್ಲಿರಲಿ, ಶಟರ್ ಮತ್ತು ತೂತನ್ನು ಕ್ಯಾಮೆರಾವೇ ಆರಿಸುತ್ತದೆ. ಹಸಿರು ಆಟೋದಲ್ಲಿ ಮಂದ ಬೆಳಕು ಕಂಡ ಕೂಡಲೇ ಫ್ಲ್ಯಾಶ್ ತಾನೇ ಎದ್ದು ಕೂರುತ್ತದೆ, ‘ಪಿ’ಯಲ್ಲಿ ನೀವು ಎಬ್ಬಿಸಿದರೆ ಮಾತ್ರ. ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಮಿತಿ 3200, ಅತಿ ನಿಧಾನದ ಶಟರ್ (ಬೆಳಕನ್ನು ಒಳಬಿಡುವ ಹೊತ್ತು) ಸೆಕೆಂಡಿನ 1/250 ಎಂದು ನಿಗದಿ ಮಾಡುವ ಅವಕಾಶವಿದ್ದರೆ ಮಾಡಿ. ಕೈ ನಡುಗದಿರಲು ದೊಡ್ಡವರು ಲೆನ್ಸಿನ ಎಂಎಂಗೆ ತಕ್ಕ ವೇಗ ಹಿಡಿಯುತ್ತಾರೆ, 50 ಎಂಎಂಗೆ 1/50 ಅಥವಾ 1/80. ಮಕ್ಕಳಿಗೆ ಅದರ ಮೂರು-ನಾಲ್ಕು ಪಟ್ಟು ಬೇಕು, ಏಕೆಂದರೆ ಅವರು ಗುಂಡಿಯನ್ನು ಒತ್ತುವುದಿಲ್ಲ, ಗುದ್ದುತ್ತಾರೆ.

ಕಾರ್ಡಿಲ್ಲದೆ ಶಟರ್ ಬೀಳುವುದನ್ನು ತಡೆಯುವ ಆಯ್ಕೆಯೊಂದು ಕ್ಯಾನನ್, ನಿಕಾನ್ ಎರಡರಲ್ಲೂ ಇರುತ್ತದೆ. ಎಲ್ಲ ಮಾಡೆಲ್‌ಗಳಲ್ಲೂ ಅದು ಮೊದಲೇ ಆನ್ ಆಗಿರುವುದಿಲ್ಲ. ಮಗು ಮಧ್ಯಾಹ್ನವಿಡೀ ತೆಗೆದ ಮೇಲೆ ಕಾರ್ಡ್ ಕಂಪ್ಯೂಟರಿನಲ್ಲೇ ಉಳಿದಿತ್ತು ಎಂದು ತಿಳಿದಾಗ ಆಗುವ ಅಳು ಸಣ್ಣದಲ್ಲ, ಆನ್ ಮಾಡಿಬಿಡಿ. ಕಾರ್ಡ್ 16 ಜಿಬಿ ಸಾಕು. 10 ಎಂಬಿಯ ಜೆಪೆಗ್ ಲೆಕ್ಕದಲ್ಲಿ ಸುಮಾರು 1500 ಫೋಟೋ ಹಿಡಿಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬೇಕಾದ ರಾ ಫೈಲ್ ಸದ್ಯಕ್ಕೆ ಬೇಡವೇ ಬೇಡ.

ಕಿಂಡಿಯ ಪಕ್ಕದ ಪುಟ್ಟ ಡಯಾಪ್ಟರ್ ಚಕ್ರವನ್ನು ಮಗುವಿನ ಕಣ್ಣಿಗೆ ಹೊಂದಿಸಿ. ಎದುರಿನ ದೃಶ್ಯವನ್ನು ನೋಡುತ್ತಾ ತಿರುಗಿಸಿದರೆ ಮೋಸ ಹೋಗುತ್ತೀರಿ, ಕೆಳಗೆ ಕಾಣುವ ಅಂಕಿಗಳು ಸ್ಪಷ್ಟವಾಗಬೇಕು. ಎಡಗಣ್ಣಲ್ಲಿ ನೋಡುವ ಮಗುವಾದರೆ ಮೂಗು ಟಚ್ ಸ್ಕ್ರೀನಿಗೆ ತಾಗಿ ಫೋಕಸ್ ಚುಕ್ಕೆ ಎಲ್ಲೆಲ್ಲೋ ಓಡುತ್ತದೆ. ಕಿಂಡಿ ಬಳಸುವಾಗ ಟಚ್ ಆಫ್ ಇರಲಿ. ಒಂದು ಕಣ್ಣು ಮುಚ್ಚಲು ಇನ್ನೂ ಬಾರದ ಚಿಕ್ಕವರನ್ನು ಕಿಂಡಿಗೆ ಬಲವಂತ ಮಾಡಬೇಡಿ, ಪರದೆಯಲ್ಲೇ ನೋಡಲಿ.

ಕೊರಳ ಪಟ್ಟಿಯನ್ನು ಗಿಡ್ಡ ಮಾಡಿ, ಕ್ಯಾಮೆರಾ ಹೊಟ್ಟೆಗಿಂತ ಮೇಲೆ ಕೂರಬೇಕು. ಜಾರುಬಂಡಿ, ಮರ ಹತ್ತುವ ಜಾಗದಲ್ಲಿ ಕೊರಳ ಪಟ್ಟಿ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ. ಚಿಕ್ಕವರಿಗೆ ಮಣಿಕಟ್ಟಿನ ಪಟ್ಟಿಯೇ ಸರಿ.

ಅರ್ಧ ಒತ್ತು

ಎಡಗೈ ಅಂಗೈ ಮೇಲ್ಮುಖವಾಗಿ ಲೆನ್ಸಿನ ಕೆಳಗೆ, ಮೊಣಕೈ ಎರಡೂ ಪಕ್ಕೆಗೆ, ಉಸಿರು ಬಿಡುತ್ತಾ ಒತ್ತು. ಹಿಡಿಯುವ ಪಾಠ ಇಷ್ಟೆ, ಒಂದು ದಿನಕ್ಕೆ ಮುಗಿಯುತ್ತದೆ. ಮುಗಿಯದಿರುವುದು ಅರ್ಧ ಒತ್ತುವ ಪಾಠ. ಗುಂಡಿಗೆ ಎರಡು ಹಂತವಿದೆ: ಮೊದಲ ತಡೆ ಸಿಗುವವರೆಗೆ ಒತ್ತಿದರೆ ಕ್ಯಾಮೆರಾ ಫೋಕಸ್ ಹಿಡಿಯುತ್ತದೆ, ಇನ್ನೂ ಒತ್ತಿದರೆ ಫೋಟೋ. ಮಕ್ಕಳು ಎರಡನ್ನೂ ಒಂದೇ ಏಟಿಗೆ ದಾಟುತ್ತಾರೆ. ಕ್ಯಾಮೆರಾ ಆತುರದಲ್ಲಿ ಹಿಂದಿನ ಗೋಡೆಗೆ ಫೋಕಸ್ ಮಾಡಿ ಕೂರುತ್ತದೆ.

ಇದಕ್ಕೊಂದು ಆಟ ಮಾಡಿ. ಮೇಜಿನ ತುದಿಯಲ್ಲಿ ಎರಡು ಗೊಂಬೆ, ಒಂದು ಹತ್ತಿರ, ಒಂದು ದೂರ. ಮೊದಲ ಹಂತದವರೆಗೆ ಒತ್ತಿ ‘ಬೀಪ್’ ಬಂದ ಮೇಲೆ ಬೆರಳು ಬಿಡಬೇಕು, ಫೋಟೋ ಬೀಳಕೂಡದು. ಹತ್ತಿರದ್ದು, ದೂರದ್ದು, ಹತ್ತಿರದ್ದು. ಹತ್ತು ಸಲ ಫೋಟೋ ಬೀಳದೆ ಬೀಪ್ ಮಾತ್ರ ಬಂದರೆ ಗೆದ್ದ ಹಾಗೆ. ನಂತರ ಬೀಪ್ ಬಂದಾಗ ಬೆರಳು ಬಿಡದೆ ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಪೂರ್ತಿ ಒತ್ತುವುದು. ಗೊಂಬೆ ಈಗ ನಡುವಿನಲ್ಲಿಲ್ಲ, ಆದರೂ ಸ್ಪಷ್ಟ. ಚಿತ್ರವನ್ನು ಮೂರು ಪಾಲು ಮಾಡಿ ವಸ್ತುವನ್ನು ಗೆರೆಯ ಮೇಲಿಡುವ ಮೂರರಲ್ಲೊಂದು ಭಾಗದ ಸೂತ್ರ, ಗೆರೆ ಎಳೆದು ತೋರಿಸುವುದು ಇವೆಲ್ಲ ಇದರ ಮುಂದೆ ಏನೂ ಅಲ್ಲ. ಸಂಯೋಜನೆಯ ನಿಯಮವನ್ನು ಮೊದಲ ತಿಂಗಳು ಬಾಯಿಬಿಟ್ಟೂ ಹೇಳಬೇಡಿ. ‘ಇನ್ನೆರಡು ಹೆಜ್ಜೆ ಹತ್ತಿರ ಹೋಗು’, ‘ಮಂಡಿ ಊರಿ ನೋಡು’ ಎಂಬ ಎರಡು ಮಾತು ಸಾಕು.

ಹತ್ತಿರ ಹೋಗು ಎಂದಾಗ ಹೂವಿಗೆ ಮೂಗು ಹಚ್ಚುವಷ್ಟು ಹೋಗಿ, ಗುಂಡಿ ಕೆಲಸ ಮಾಡುತ್ತಿಲ್ಲ ಎಂದು ವಾಪಸ್ ಬರುತ್ತಾರೆ. ಪ್ರತಿ ಲೆನ್ಸಿಗೂ ಅದಕ್ಕಿಂತ ಹತ್ತಿರ ಫೋಕಸ್ ಆಗದ ಒಂದು ದೂರವಿದೆ. 18-55 ಎಂಎಂ ಲೆನ್ಸ್‌ಗಳಿಗೆ ಸುಮಾರು 25ರಿಂದ 28 ಸೆಂಟಿಮೀಟರ್, 50 ಎಂಎಂ ಎಫ್/1.8ಕ್ಕೆ ತಯಾರಕರನ್ನು ನೋಡಿ 35 ಅಥವಾ 45. ಇದನ್ನು ಲೆನ್ಸಿನ ಮುಂಭಾಗದಿಂದಲ್ಲ, ಸೆನ್ಸರ್ ಇರುವ ಜಾಗದಿಂದ ಅಳೆಯುತ್ತಾರೆ. ಅಷ್ಟುದ್ದದ ದಾರವೊಂದನ್ನು ಕ್ಯಾಮೆರಾಕ್ಕೆ ಕಟ್ಟಿ, ದಾರದ ತುದಿ ಹೂವಿಗೆ ಮುಟ್ಟುವಲ್ಲಿ ನಿಲ್ಲಲು ಹೇಳಿ.

ಮಸುಕು ಏಕೆ ಬಂತು ಎಂದು ಮಗುವೇ ಪತ್ತೆ ಹಚ್ಚಲಿ. ಫೋಟೋ ಹಿಗ್ಗಿಸಿ ನೋಡಿದಾಗ ಚಿತ್ರವೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೋಡೆ, ನೆಲ ಸ್ಪಷ್ಟವಿದ್ದು ಓಡುವ ನಾಯಿ ಮಾತ್ರ ಕರಗಿದ್ದರೆ ಶಟರ್ ನಿಧಾನ, 1/500 ಬೇಕಿತ್ತು. ನಾಯಿ ಮೆತ್ತಗಿದ್ದು ಹಿಂದಿನ ಗಿಡದ ಎಲೆ ಎಣಿಸುವಷ್ಟು ಸ್ಪಷ್ಟವಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಹಾಲು ಬಳಿದಂತಿದ್ದರೆ ಲೆನ್ಸಿನ ಮೇಲೆ ಬೆರಳಚ್ಚು. ಈ ನಾಲ್ಕನ್ನು ಬೇರ್ಪಡಿಸಲು ಬಂದ ಮಗುವಿಗೆ ನಿಮ್ಮ ಸಹಾಯ ಅರ್ಧ ಕಡಿಮೆಯಾಯಿತು.

ಬೆಳಕು ಮೊದಲು, ಅಂಕಿ ಆಮೇಲೆ

ಒಂದು ಮೊಟ್ಟೆ, ಒಂದು ಕಿಟಕಿ. ಮೊಟ್ಟೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು ಮಗು ಅದರ ಸುತ್ತ ತಿರುಗುತ್ತಾ ಫೋಟೋ ತೆಗೆಯಲಿ. ಕಿಟಕಿ ಬೆನ್ನ ಹಿಂದಿದ್ದಾಗ ಮೊಟ್ಟೆ ಚಪ್ಪಟೆ ಬಿಲ್ಲೆಯಂತೆ ಕಾಣುತ್ತದೆ. ಕಿಟಕಿ ಪಕ್ಕಕ್ಕೆ ಬಂದಾಗ ದುಂಡಗಾಗುತ್ತದೆ. ಎದುರಿಗೆ ಬಂದಾಗ ಕಪ್ಪು ಮೊಟ್ಟೆಗೆ ಬೆಳ್ಳಗಿನ ಅಂಚು. ಆಮೇಲೆ ನೆರಳಿನ ಕಡೆ ಒಂದು ಬಿಳಿ ಹಾಳೆ ಹಿಡಿಯಿರಿ, ಕಪ್ಪು ಬದಿ ತಿಳಿಯಾಗುವುದನ್ನು ಮಗು ಕಣ್ಣಾರೆ ನೋಡುತ್ತದೆ. ಮುಖದ ಫೋಟೋ ತೆಗೆಯುವಾಗ ಕಿಟಕಿಯ ಹತ್ತಿರ ಕೂರಿಸಬೇಕೆಂದು ಆಮೇಲೆ ಹೇಳಬೇಕಾಗಿಯೇ ಇಲ್ಲ. ಫ್ಲ್ಯಾಶ್ ಬಗ್ಗೆ ಇಷ್ಟು ತಿಳಿದಿರಲಿ: ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶ್ ಐಎಸ್‌ಒ 100, ಎಫ್/5.6ರಲ್ಲಿ ಹೆಚ್ಚೆಂದರೆ ಎರಡು ಮೀಟರ್ ತಲುಪುತ್ತದೆ. ಸಭಾಂಗಣದ ಹಿಂದಿನ ಸಾಲಿನಿಂದ ವೇದಿಕೆಗೆ ಹೊಡೆಯುವ ಫ್ಲ್ಯಾಶ್ ಮುಂದಿನ ಸಾಲಿನವರ ತಲೆಗಳನ್ನಷ್ಟೇ ಬೆಳಗುತ್ತದೆ.

ಲೆನ್ಸ್ ಏನು ಮಾಡುತ್ತದೆ ಎಂದು ತೋರಿಸಲು ಡಬ್ಬಿಗಿಂತ ಒಳ್ಳೆಯ ಸಾಧನವಿಲ್ಲ. ಶೂ ಡಬ್ಬಿಯ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಒಂದು ತುದಿಯಲ್ಲಿ ಕಿಂಡಿ ಕತ್ತರಿಸಿ ಅಲ್ಯುಮಿನಿಯಂ ಹಾಳೆ ಹಚ್ಚಿ ಸೂಜಿಯಿಂದ 1 ಮಿಲಿಮೀಟರಿನ ತೂತು ಮಾಡಿ. ಇನ್ನೊಂದು ತುದಿಗೆ ಟ್ರೇಸಿಂಗ್ ಕಾಗದ. ಕಪ್ಪು ಬಟ್ಟೆ ಮುಸುಕು ಹಾಕಿಕೊಂಡು ಬಿಸಿಲಲ್ಲಿ ಹೊಳೆಯುವ ಮರದತ್ತ ತಿರುಗಿಸಿದರೆ ಕಾಗದದ ಮೇಲೆ ತಲೆಕೆಳಗಾದ ಮರ. ತೂತು ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಚಿತ್ರ ಮಸುಕಾಗುತ್ತದೆ. ಈಗ ಹಾಳೆ ಕಿತ್ತು ಆ ಜಾಗಕ್ಕೆ ಭೂತಗನ್ನಡಿ ಹಿಡಿಯಿರಿ: ಬೆಳಕೂ ಉಂಟು, ಸ್ಪಷ್ಟತೆಯೂ ಉಂಟು, ಆದರೆ ಒಂದೇ ದೂರಕ್ಕೆ. ಫೋಕಸ್ ಏಕೆ ಬೇಕು ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಚಿತ್ರ ಬೀಳದಿದ್ದರೆ ಗಾಜಿನ ಫೋಕಲ್ ದೂರ ಡಬ್ಬಿಯ ಉದ್ದಕ್ಕೆ ಹೊಂದಿಲ್ಲ. ಕಿಟಕಿಯ ಚಿತ್ರವನ್ನು ಎದುರು ಗೋಡೆಗೆ ಬೀಳಿಸಿ, ಗಾಜಿನಿಂದ ಗೋಡೆಗಿರುವ ದೂರ ಅಳೆದು, ಡಬ್ಬಿಯನ್ನು ಅಷ್ಟಕ್ಕೆ ಕತ್ತರಿಸಿ. ಗಾಜನ್ನು ಸೂರ್ಯನತ್ತ ಹಿಡಿಯಬಾರದು ಎಂಬುದು ಇಲ್ಲೂ ಅನ್ವಯ.

ಅಪರ್ಚರಿನ (ಲೆನ್ಸಿನೊಳಗೆ ಬೆಳಕು ಬಿಡುವ ತೂತಿನ) ಅಂಕಿ ತಲೆಕೆಳಗು ಎಂದು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಗೊಂದಲ ಮಾಡಿಕೊಳ್ಳುತ್ತಾರೆ. ಭಾಗಾಕಾರ ಬರುವ ಮಗುವಿಗೆ ನೇರ ಹೇಳಿ: 50 ಎಂಎಂ ಲೆನ್ಸಿನಲ್ಲಿ ಎಫ್/2 ಎಂದರೆ 50ನ್ನು 2ರಿಂದ ಭಾಗಿಸಿದ 25 ಮಿಲಿಮೀಟರಿನ ತೂತು, ಎಫ್/16 ಎಂದರೆ ಬರೀ 3 ಮಿಲಿಮೀಟರ್. ಎರಡೂ ಅಳತೆಯ ವೃತ್ತವನ್ನು ರಟ್ಟಿನಲ್ಲಿ ಕತ್ತರಿಸಿ ಕೈಗೆ ಕೊಟ್ಟರೆ ಮರೆಯುವುದಿಲ್ಲ. ಬಳಿಕ ಮೋಡ್ ಚಕ್ರವನ್ನು ತೂತನ್ನು ನೀವೇ ಆರಿಸುವ ‘ಎ’ ಅಥವಾ ‘ಎವಿ’ಗೆ ತಿರುಗಿಸಿ, ಮೂರು ಗೊಂಬೆಗಳನ್ನು ಓರೆಯಾಗಿ 10 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ, ಒಂದು ಮೀಟರ್ ದೂರದಿಂದ ನಡುವಿನದಕ್ಕೆ ಫೋಕಸ್ ಮಾಡಿಸಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ, ಎಫ್/1.8ಕ್ಕೆ ಸ್ಪಷ್ಟವಾಗಿರುವ ಪಟ್ಟಿ ಮೂರು ಸೆಂಟಿಮೀಟರಿಗಿಂತ ಕಡಿಮೆ, ನಡುವಿನ ಗೊಂಬೆ ಮಾತ್ರ ಉಳಿಯುತ್ತದೆ. ಎಫ್/16ಕ್ಕೆ ಮೂರೂ ಸ್ಪಷ್ಟ. ಫೋನಿನಲ್ಲಿ ಅಥವಾ ಪುಟ್ಟ ಸೆನ್ಸರಿನ ಕಾಂಪ್ಯಾಕ್ಟಿನಲ್ಲಿ ಈ ಪ್ರಯೋಗ ಮಾಡಲು ಹೋಗಬೇಡಿ, ಎಲ್ಲವೂ ಸ್ಪಷ್ಟವಾಗಿಯೇ ಬಂದು ಮಗುವಿಗೆ ಗೊಂದಲವಾಗುತ್ತದೆ.

ಶಟರ್ ಪಾಠಕ್ಕೆ ಸೈಕಲ್ಲೇ ಸರಿ. 1/1000ಕ್ಕೆ ಚಕ್ರದ ಕಡ್ಡಿಗಳೂ ನಿಲ್ಲುತ್ತವೆ, ಆದರೆ ಸೈಕಲ್ ನಿಂತಂತೆ ಕಾಣುತ್ತದೆ. 1/60ಕ್ಕೆ ಇಳಿಸಿ, ಕಾಲು ಊರಿ ಸೊಂಟದಿಂದ ತಿರುಗುತ್ತಾ ಸವಾರನನ್ನು ಹಿಂಬಾಲಿಸಿ ಒತ್ತಲು ಹೇಳಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಎಲ್ಲರೂ ತಪ್ಪುವುದು ಅಲ್ಲೇ. ಹತ್ತರಲ್ಲಿ ಒಂದು ಬಂದರೆ ಖುಷಿಪಡಿ. ಫ್ರಾನ್ಸಿನ ಫೋಟೋಗ್ರಾಫರ್ ಜಾಕ್ ಆಂರಿ ಲಾರ್ಟಿಗ್‌ನಿಗೆ ಏಳೆಂಟು ವರ್ಷದವನಿದ್ದಾಗ ಅಪ್ಪ ಕ್ಯಾಮೆರಾ ಕೊಡಿಸಿದ್ದರು. ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ ಅವನು ಹೀಗೆ ತಿರುಗುತ್ತಾ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಕಾರು ಅರ್ಧಕ್ಕೆ ಕತ್ತರಿಸಿದೆ, ಚಕ್ರ ಮೊಟ್ಟೆಯಾಕಾರಕ್ಕೆ ಮುಂದೆ ಬಾಗಿದೆ, ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಶಟರಿನ ಸೀಳು ಚಿತ್ರದ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ವೇಗ ಎಂದರೇನು ಎಂದು ತೋರಿಸಲು ಇಂದಿಗೂ ಆ ಚಿತ್ರವನ್ನೇ ಮುಂದಿಡುತ್ತಾರೆ. ಮಗುವಿನ ‘ಕೆಟ್ಟ’ ಫೋಟೋ ಅಳಿಸುವ ಮುನ್ನ ಇದು ನೆನಪಿರಲಿ.

ಬಿಳಿ ಬೆಕ್ಕು ಬೂದುಬಣ್ಣವಾಗಿ, ಕಪ್ಪು ನಾಯಿಯೂ ಬೂದುಬಣ್ಣವಾಗಿ ಬಂದಾಗ ಎಕ್ಸ್‌ಪೋಷರ್ ಕಾಂಪನ್ಸೇಷನ್, ಅಂದರೆ ಬೆಳಕನ್ನು ಕೈಯಾರೆ ಹೆಚ್ಚುಕಡಿಮೆ ಮಾಡುವ ಪಾಠಕ್ಕೆ ಸಮಯ ಬಂತು. ಕ್ಯಾಮೆರಾಕ್ಕೆ ಬಣ್ಣ ತಿಳಿಯದು, ಎದುರಿಗಿದ್ದುದನ್ನೆಲ್ಲ ನಡುಬೂದು ಬಣ್ಣ ಮಾಡಲು ಹೊರಡುತ್ತದೆ. ಬಿಳಿಗೆ +1, ಕಪ್ಪಿಗೆ −1. ಮುಗಿದ ಮೇಲೆ ಸೊನ್ನೆಗೆ ತರಲು ಮರೆಯುವುದು ಖಾಯಂ ತಪ್ಪು. ಎಲ್ಲ ಅಂಕಿಯನ್ನೂ ಕೈಯಾರೆ ಇಡುವ ಮ್ಯಾನ್ಯುಯಲ್‌ಗೆ ಬರುವಾಗ ಬಿರುಬಿಸಿಲಿನ ಹಳೆಯ ಲೆಕ್ಕದಿಂದ ಶುರುಮಾಡಿ: ಐಎಸ್‌ಒ 100, ಎಫ್/16, 1/125. ಅಲ್ಲಿಂದ ತೂತು ಒಂದು ಮೆಟ್ಟಿಲು ದೊಡ್ಡದಾದಂತೆ ಶಟರ್ ಒಂದು ಮೆಟ್ಟಿಲು ಚುರುಕು: ಎಫ್/11ಕ್ಕೆ 1/250, ಎಫ್/8ಕ್ಕೆ 1/500. ನಾಲ್ಕು ಫೋಟೋ ತೆಗೆದು ಪಕ್ಕಪಕ್ಕ ಇಟ್ಟರೆ ಬೆಳಕು ಒಂದೇ, ಹಿನ್ನೆಲೆ ಬೇರೆಬೇರೆ.

ವಾರಕ್ಕೊಮ್ಮೆ ಕೂತು ಐವತ್ತರಲ್ಲಿ ಐದನ್ನು ಮಗುವೇ ಆರಿಸಲಿ. ‘ಚೆನ್ನಾಗಿದೆ’ ಎನ್ನುವ ಬದಲು ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಎಲ್ಲಿ ನಿಂತಿದ್ದೆ ಎಂದು ಕೇಳಿ. ಅಪರಿಚಿತರ ಫೋಟೋವಾದರೆ ಅವರನ್ನು ಕೇಳಿ ತೆಗೆದದ್ದೇ ಎಂಬುದನ್ನೂ ವಿಚಾರಿಸಿ. ಆರಿಸಿದ್ದನ್ನು 10×15ರಲ್ಲಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ದಿನಾಂಕ, ಎಫ್ ಅಂಕಿ, ಶಟರ್ ವೇಗ ಬರೆಸಿ. ಬಾಲ್‌ಪೆನ್ ಬೇಡ, ಒತ್ತಿ ಬರೆದರೆ ಗೆರೆ ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ಕೊಡಿ, ಇನ್ನೊಂದು ಪ್ರಿಂಟಿನ ಮೇಲೆ ಪೇರಿಸುವ ಮೊದಲು ಅದು ಒಣಗಲಿ.